ಬಿಳಿ ಹುಂಜ, ಕರಿ ಚಿರತೆ

ಓದು ಬಾರದವರಿಗೆ ಕಲೆ ಎಲ್ಲಿ ಅರ್ಥವಾಗುತ್ತೆ ಎಂಬ ಮಾತು ನಮ್ಮ ಕಾಲೇಜುಗಳಲ್ಲಿ, ಸಾಹಿತ್ಯದ ಸಭೆಗಳಲ್ಲಿ ಇವತ್ತಿಗೂ ಸುಳಿದಾಡುತ್ತಿದೆ. ಯಾರೂ ಬಾಯಿಬಿಟ್ಟು ಹಾಗೆ ಹೇಳುವುದಿಲ್ಲ, ನಿಜ. ಆದರೆ ಕಲೆಯ ಚರಿತ್ರೆ ಎಂದು ಹೇಳಿಕೊಡುವಾಗ ಅರಮನೆ, ದೇವಸ್ಥಾನ, ಪ್ಯಾರಿಸ್ಸಿನ ಗ್ಯಾಲರಿ ಇಷ್ಟರಲ್ಲೇ ಸುತ್ತಾಡಿಸಿ ಮನೆಗೆ ಕಳಿಸುತ್ತಾರೆ. ಪೋಸ್ಟರು, ಕರಪತ್ರ, ಪತ್ರಿಕೆಯ ಪುಟ, ಚುನಾವಣೆಯ ಗುರುತು ಇವಕ್ಕೂ ಒಂದು ಚರಿತ್ರೆ ಇದೆ. ಅದರಲ್ಲಿ ಓದು ಬಾರದವರ ಪಾಲೆಷ್ಟು ಎಂದು ಯಾರೂ ಕೇಳುವುದಿಲ್ಲ. ನಾವು ಹೇಳಬೇಕೆಂದಿರುವುದು ಇಷ್ಟೇ: 20ನೇ ಶತಮಾನದ ಕೆಲವು ಗಟ್ಟಿ ಚಿತ್ರಗಳು ಹುಟ್ಟಿದ್ದೇ ಅವರ ಕಣ್ಣಿಗಾಗಿ. ಆ ಕಣ್ಣೇ ಅವುಗಳ ಸ್ಫೂರ್ತಿ.

ನಮ್ಮ ಮನೆಯಲ್ಲಿ ಡಿಗ್ರಿ ಕಂಡವರು ನಾವೇ ಮೊದಲು. ನಮ್ಮವ್ವನಿಗೆ ಹೆಬ್ಬೆಟ್ಟೇ ಸಹಿ. ಆದರೆ ಅವಳ ಕಣ್ಣು ಸುಮ್ಮನೆ ಕೂತಿಲ್ಲ. ಗೋಡೆಯ ಕ್ಯಾಲೆಂಡರಿನಲ್ಲಿ ಕಪ್ಪು ಬೊಟ್ಟು ಕಂಡರೆ ಅಮಾಸೆ, ಬಿಳಿ ಬೊಟ್ಟು ಕಂಡರೆ ಹುಣ್ಣಿಮೆ ಅಂತಾಳೆ. ಬೆಂಕಿಪೊಟ್ಟಣ, ಬೀಡಿಕಟ್ಟು, ಗೊಬ್ಬರದ ಚೀಲ ಎಲ್ಲವನ್ನೂ ಮೇಲಿನ ಚಿತ್ರದಿಂದಲೇ ಗುರುತು ಹಿಡಿಯುತ್ತಾಳೆ. ಅಂಗಡಿಯವನು ಬೇರೆ ಮಾರ್ಕಿನದು ಕೊಟ್ಟರೆ, “ಇದಲ್ಲ ಕಣಪ್ಪ, ಆ ಎತ್ತಿನ ಗುರ್ತಿಂದು ಕೊಡು” ಅಂತ ವಾಪಸು ತಳ್ಳುತ್ತಾಳೆ. ಇದನ್ನು ಓದು ಅನ್ನದೆ ಇನ್ನೇನನ್ನಬೇಕು? ಆದರೆ ನಮ್ಮ ಕವಿತೆ ಅಚ್ಚಾದ ಪತ್ರಿಕೆ ಕೈಗಿಟ್ಟರೆ ಅದು ಅವಳಿಗೆ ಕರಿ ಇರುವೆಗಳ ಸಾಲು. ಅವಳ ಹಸಿವಿನ ಮೇಲೆ ಬರೆದ ಪದ್ಯ, ಅವಳಿಗೇ ಬೀಗ ಹಾಕಿದ ಮನೆ. ಈ ಬೀಗದ ಮುಂದೆ ನಿಂತವರು ನಾವಷ್ಟೇ ಅಲ್ಲ. ದೂರದ ದೇಶಗಳ ಜನ ನಮಗಿಂತ ಮೊದಲೇ ನಿಂತಿದ್ದರು. ಅವರು ಏನು ಮಾಡಿದರು ಎಂಬುದನ್ನು ನೋಡಬೇಕು.

ಅಮೆರಿಕದ ದಕ್ಷಿಣದಲ್ಲಿ ಅಲಬಾಮಾ ಎಂಬ ರಾಜ್ಯ. ಅದರೊಳಗೆ ಲೌಂಡ್ಸ್ ಎಂಬ ಕೌಂಟಿ, ನಮ್ಮ ತಾಲ್ಲೂಕಿನಂಥದ್ದು. ಹತ್ತಿ ಬೆಳೆಯುವ ಸೀಮೆ. ನೂರಕ್ಕೆ ಸುಮಾರು 80 ಮಂದಿ ಕಪ್ಪು ಜನ, ಗುಲಾಮರ ಮೊಮ್ಮಕ್ಕಳು, ಮರಿಮಕ್ಕಳು. ಆದರೂ 1965ರ ಆರಂಭದಲ್ಲಿ ಅಲ್ಲಿನ ಮತದಾರರ ಪಟ್ಟಿಯಲ್ಲಿ ಅವರ ಹೆಸರೇ ಇರಲಿಲ್ಲ. ಹೆಸರು ಬರೆಸಲು ಹೋದರೆ ಓದಿನ ಪರೀಕ್ಷೆ. ಪರೀಕ್ಷೆ ಮಾಡುವವನು ಬಿಳಿಯ. ಪಾಸು, ಫೇಲು ಅವನ ಮರ್ಜಿ. ಸರಿಯಾದ ಶಾಲೆಯನ್ನೇ ಕೊಡದೆ, ಆಮೇಲೆ ಓದು ಬರುತ್ತೇನೋ ಅಂತ ಕೇಳೋದು! ಅಕ್ಷರವನ್ನು ಬೇಲಿ ಮಾಡುವ ಈ ಯುಕ್ತಿ ನಮಗೇನು ಹೊಸದೆ? ವೇದ ಕೇಳಿದ ಶೂದ್ರನ ಕಿವಿಗೆ ಕಾದ ಸೀಸ ಹೊಯ್ಯಬೇಕೆಂದು ಶಾಸ್ತ್ರ ಬರೆದಿಟ್ಟ ನಾಡು ನಮ್ಮದು.

1965ರ ಆಗಸ್ಟಿನಲ್ಲಿ ಮತದಾನದ ಹಕ್ಕಿನ ಕಾಯಿದೆ ಬಂದು ಆ ಪರೀಕ್ಷೆ ಬಿದ್ದುಹೋಯಿತು. ಜನ ಹೆಸರು ಬರೆಸಿದರು. ಹೆಸರು ಬರೆಸಿದ ಗೇಣಿದಾರರನ್ನು ಭೂಮಾಲೀಕರು ಮನೆ ಬಿಡಿಸಿ ಹೊರಹಾಕಿದರು. ಆ ವರ್ಷದ ಕೊನೆಗೆ ಎಷ್ಟೋ ಸಂಸಾರಗಳು ರಸ್ತೆ ಪಕ್ಕ ಡೇರೆ ಹಾಕಿಕೊಂಡು ಚಳಿಯಲ್ಲಿ ಕೂತವು. ಆದರೂ ಜನ ಬಗ್ಗಲಿಲ್ಲ. ಸ್ಟೋಕ್ಲಿ ಕಾರ್ಮೈಕಲ್ ಮೊದಲಾದ ವಿದ್ಯಾರ್ಥಿ ಕಾರ್ಯಕರ್ತರ ಜೊತೆಗೂಡಿ, ಜಾನ್ ಹ್ಯೂಲೆಟ್ ಮುಂದಾಳುತನದಲ್ಲಿ ತಮ್ಮದೇ ಪಕ್ಷ ಕಟ್ಟಿದರು.

ಓದು ಬಾರದ ಮತದಾರರು ಬಹಳ ಇದ್ದದ್ದರಿಂದ ಅಲಬಾಮಾದ ಮತಪತ್ರದಲ್ಲಿ ಪ್ರತಿ ಪಕ್ಷಕ್ಕೂ ಒಂದು ಗುರುತು ಬೇಕಿತ್ತು. ಆಳುವ ಡೆಮಾಕ್ರಟಿಕ್ ಪಕ್ಷದ ಗುರುತು ಬಿಳಿ ಹುಂಜ. ಹುಂಜದ ಸುತ್ತ ಬಿಳಿಯರೇ ಮೇಲು ಎಂಬ ಘೋಷಣೆಯನ್ನು ಬಹಿರಂಗವಾಗಿ ಅಚ್ಚು ಹಾಕುತ್ತಿದ್ದರು. ಆ ಮಾತನ್ನು ತೆಗೆದದ್ದು 1966ರಲ್ಲಿ. ಹೊಸ ಪಕ್ಷಕ್ಕೆ ಗುರುತು ಹುಡುಕುವ ಕೆಲಸ ರೂತ್ ಹೋವರ್ಡ್ ಎಂಬ ಕಾರ್ಯಕರ್ತೆಯ ಪಾಲಿಗೆ ಬಂತು. ಮೊದಲು ಪಾರಿವಾಳ ಸೂಚಿಸಿದರು, ಯಾರಿಗೂ ಹಿಡಿಸಲಿಲ್ಲ. ಡೇರೆಯಲ್ಲಿ ಮಲಗಿದವರಿಗೆ ಪಾರಿವಾಳ ಯಾಕೆ? ಆಮೇಲೆ ಅಟ್ಲಾಂಟಾದ ಕ್ಲಾರ್ಕ್ ಕಾಲೇಜಿನ ಲಾಂಛನದಲ್ಲಿದ್ದ ಚಿರತೆ ನೆನಪಾಯಿತು. ಡೊರೊತಿ ಜೆಲ್ನರ್ ಎಂಬಾಕೆ ಕೈಜೋಡಿಸಿ ಅದನ್ನು ಕರಿದು ಮಾಡಿ ಬರೆದರು. ಚಿರತೆ ತಾನಾಗಿ ಮೇಲೆ ಬೀಳುವುದಿಲ್ಲ, ಮೂಲೆಗೆ ಒತ್ತಿದರೆ ಮಾತ್ರ ಎಗರುತ್ತದೆ ಎಂದು ಹ್ಯೂಲೆಟ್ ಅದರ ಅರ್ಥ ಹೇಳಿದರು. ಚಿರತೆಯ ಮುಂದೆ ಹುಂಜ ಎಷ್ಟು ಹೊತ್ತು ನಿಂತೀತು ಎಂಬುದನ್ನು ಹಳ್ಳಿ ಜನಕ್ಕೆ ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ.

ಗುರುತು ಕೊಟ್ಟು ಕೈತೊಳೆದುಕೊಳ್ಳಲಿಲ್ಲ ಎಂಬುದು ಮುಖ್ಯ. ಶೆರೀಫನ ಕೆಲಸವೇನು, ತೆರಿಗೆ ಗೊತ್ತುಮಾಡುವವನ ಕೆಲಸವೇನು ಎಂದು ಚಿತ್ರಗಳಲ್ಲಿ ಬಿಡಿಸಿ ಹೇಳುವ ಸಣ್ಣ ಪುಸ್ತಿಕೆಗಳನ್ನು ಹಂಚಿದರು. 1966ರ ನವೆಂಬರಿನಲ್ಲಿ ಚುನಾವಣೆ ನಡೆದು ಅವರ ಹುರಿಯಾಳುಗಳೆಲ್ಲ ಸೋತರು. ಆದರೆ 1970ರಲ್ಲಿ ಅದೇ ಜಾನ್ ಹ್ಯೂಲೆಟ್ ಅದೇ ಕೌಂಟಿಗೆ ಶೆರೀಫರಾದರು.

ಚಿರತೆ ಅಷ್ಟರಲ್ಲಿ ಲೌಂಡ್ಸ್ ಬಿಟ್ಟು ಹೊರಟಿತ್ತು. 1966ರ ಅಕ್ಟೋಬರಿನಲ್ಲಿ ಕ್ಯಾಲಿಫೋರ್ನಿಯಾದ ಓಕ್ಲೆಂಡಿನಲ್ಲಿ ಹ್ಯೂಯಿ ನ್ಯೂಟನ್, ಬಾಬ್ಬಿ ಸೀಲ್ ಎಂಬಿಬ್ಬರು ಬ್ಲ್ಯಾಕ್ ಪ್ಯಾಂಥರ್ ಪಕ್ಷ ಕಟ್ಟಿದಾಗ ಹೆಸರನ್ನೂ ಗುರುತನ್ನೂ ಅಲ್ಲಿಂದಲೇ ತಂದುಕೊಂಡರು. 1967ರ ಏಪ್ರಿಲಿನಲ್ಲಿ ಅವರ ಪತ್ರಿಕೆಯ ಮೊದಲ ಸಂಚಿಕೆ ಬಂತು: ನಾಲ್ಕು ಪುಟ, ಸೈಕ್ಲೋಸ್ಟೈಲು. ನಮ್ಮ ಹಿರಿಯ ಗೆಳೆಯರ ಕೈಗೆ ಮಸಿ ಹತ್ತಿಸಿದ್ದ ಅದೇ ಸೈಕ್ಲೋಸ್ಟೈಲು! ಕೆಲವೇ ವರ್ಷಗಳಲ್ಲಿ ಅದು ವಾರಕ್ಕೆ ಲಕ್ಷಕ್ಕೂ ಮೀರಿ ಮಾರಾಟವಾಗುವಂತಾಯಿತು. ಅದರ ಚಿತ್ರಗಾರ ಎಮೊರಿ ಡಗ್ಲಸ್. 1943ರಲ್ಲಿ ಹುಟ್ಟಿದವರು. ಹುಡುಗನಾಗಿದ್ದಾಗ ಬಾಲಾಪರಾಧಿಗಳ ಶಾಲೆಯ ಅಚ್ಚುಕೂಟದಲ್ಲಿ ಕೆಲಸ ಕಲಿತು, ಆಮೇಲೆ ಸ್ಯಾನ್ ಫ್ರಾನ್ಸಿಸ್ಕೋದ ಸಿಟಿ ಕಾಲೇಜಿನಲ್ಲಿ ಜಾಹೀರಾತಿನ ಕಲೆ ಓದಿದವರು. ಸಾಬೂನು ಮಾರುವ ವಿದ್ಯೆಯನ್ನು ತನ್ನ ಜನರ ಸಿಟ್ಟಿಗೆ ಬಾಯಿ ಮಾಡಿಕೊಂಡರು.

ದುಡ್ಡಿಲ್ಲದ ಪತ್ರಿಕೆ. ಕಪ್ಪು ಮಸಿ, ಅದರ ಜೊತೆಗೆ ಹೆಚ್ಚೆಂದರೆ ಇನ್ನೊಂದು ಬಣ್ಣ. ಮರದಚ್ಚಿನ ಚಿತ್ರಗಳ ದಪ್ಪ ಗೆರೆ ಡಗ್ಲಸ್‌ಗೆ ಇಷ್ಟ, ಆದರೆ ಮರ ಕೆತ್ತುತ್ತಾ ಕೂರಲು ವಾರಪತ್ರಿಕೆಯಲ್ಲಿ ಪುರಸೊತ್ತೆಲ್ಲಿ? ಪೆನ್ನಿನಲ್ಲೇ ಆ ದಪ್ಪ ಗೆರೆ ತಂದರು. ಅಂಗಡಿಯಲ್ಲಿ ಸಿಗುವ ಚುಕ್ಕೆ ಹಾಳೆಗಳನ್ನು ಕತ್ತರಿಸಿ ನೆರಳಿಗೆ ಅಂಟಿಸಿದರು, ಫೋಟೋ ಕತ್ತರಿಸಿ ಚಿತ್ರದೊಳಗೆ ಸೇರಿಸಿದರು. ಜನರನ್ನು ಹೊಡೆಯುವ ಪೊಲೀಸನನ್ನು ಹಂದಿಯಾಗಿ ಬರೆದರು. ಇಲಿ ಓಡಾಡುವ ಬಾಡಿಗೆ ಮನೆಯ ತಾಯಿಯನ್ನು, ದಿನಸಿ ಚೀಲ ಹಿಡಿದ ಅಜ್ಜಿಯನ್ನು, ತಲೆ ಎತ್ತಿದ ಮಕ್ಕಳನ್ನು ಬರೆದರು. ಪತ್ರಿಕೆಯ ಹಿಂದಿನ ಪುಟವೇ ಪೋಸ್ಟರು; ಬೇರೆ ಮಾಡಿ ಗೋಂದು ಹಚ್ಚಿ ಗೋಡೆಗೆ ಬಡಿದರೆ ಆಯಿತು. ತನ್ನ ಜನರಲ್ಲಿ ಬಹಳ ಮಂದಿ ಓದುವವರಲ್ಲ, ನೋಡಿ ಕಲಿಯುವವರು ಎಂಬುದು ಅವರ ಲೆಕ್ಕಾಚಾರ. ಅವರಿಗೆ ಗ್ಯಾಲರಿ ಅಂದರೆ ಕೇರಿಯೇ.

ಈ ದಪ್ಪ ಗೆರೆಯ ಬೇರು ಹುಡುಕಿಕೊಂಡು ಹೋದರೆ ಮೆಕ್ಸಿಕೋ ಸಿಗುತ್ತದೆ. 1852ರಿಂದ 1913ರವರೆಗೆ ಬದುಕಿದ್ದ ಹೋಸೆ ಗ್ವಾದಲೂಪೆ ಪೊಸಾದ, ಮೆಕ್ಸಿಕೋ ನಗರದ ವನೇಗಸ್ ಅರೋಯೊ ಅಚ್ಚುಕೂಟದ ಕೂಲಿ ಚಿತ್ರಗಾರ. ಬೀದಿಯಲ್ಲಿ ಕಾಸಿಗೊಂದು ಮಾರುವ ಹಾಡಿನ ಹಾಳೆ, ಕೊಲೆ ಸುದ್ದಿ, ಭೂಕಂಪದ ಸುದ್ದಿ, ಎಲ್ಲದಕ್ಕೂ ಚಿತ್ರ ಕೆತ್ತಿಕೊಟ್ಟ. ದೊಡ್ಡ ಟೋಪಿ ಇಟ್ಟ ಸಿರಿವಂತರನ್ನೂ ಮೂಳೆಯ ಗೂಡು ಮಾಡಿ ನಗಿಸಿದ. ಸತ್ತಾಗಲೂ ಬಡವನೇ. ಅವನ ಗೆರೆಯನ್ನು ಎತ್ತಿಕೊಂಡು 1937ರಲ್ಲಿ ಲಿಯೊಪೋಲ್ಡೊ ಮೆಂದೆಸ್ ಮತ್ತು ಗೆಳೆಯರು ಜನರ ಅಚ್ಚುಶಾಲೆಯೊಂದನ್ನು ತೆರೆದರು. ಅದು ತಾಯೆರ್ ದೆ ಗ್ರಾಫಿಕಾ ಪಾಪುಲಾರ್. ನೆಲಕ್ಕೆ ಹಾಸುವ ಅಗ್ಗದ ಲಿನೋಲಿಯಂ ತುಂಡೇ ಅವರ ಅಚ್ಚಿನ ಹಲಗೆ.

ಗುಲಾಮರ ಮೊಮ್ಮಗಳಾದ ಎಲಿಜಬೆತ್ ಕ್ಯಾಟ್ಲೆಟ್ 1946ರಲ್ಲಿ ಅಮೆರಿಕದಿಂದ ಈ ಅಚ್ಚುಶಾಲೆಗೆ ಬಂದರು. 1952ರಲ್ಲಿ ಗೇಣಿ ಮಾಡುವ ಒಬ್ಬ ಹೆಂಗಸಿನ ಚಿತ್ರ ಕೆತ್ತಿದರು. ಹುಲ್ಲಿನ ಟೋಪಿ, ಬಿಸಿಲಿಗೆ ಬೆಂದ ಮುಖ, ದೂರಕ್ಕೆ ನೆಟ್ಟ ನೋಟ. ಕೋಟಿಗೆ ಗುಂಡಿಯಿಲ್ಲ, ಒಂದು ಪಿನ್ನು. ಆ ಪಿನ್ನು ಕಂಡಾಗ ನಮಗೆ ಯಾವ ವಿಮರ್ಶಕನ ವಿವರಣೆಯೂ ಬೇಕಾಗಲಿಲ್ಲ. ನಮ್ಮವ್ವನ ರವಿಕೆಗೂ ಅದೇ ಪಿನ್ನು. ಚಿತ್ರವನ್ನು ಅವಳ ಮುಂದೆ ಹಿಡಿದೆವು. ಅಮೆರಿಕ ಅಂತಲಾಗಲಿ, ಕ್ಯಾಟ್ಲೆಟ್ ಅಂತಲಾಗಲಿ ನಾವು ಹೇಳಲಿಲ್ಲ. ನೋಡಿ ಅವಳೆಂದಳು: “ಈ ಯಮ್ಮ ಹೊಲದಿಂದ ಈಗ್ಲೇ ಬಂದವ್ಳೆ. ಯಾರಿಗೂ ಹೆದರೋಳಲ್ಲ ಬಿಡು.” ಎಂ.ಎ. ತರಗತಿಯಲ್ಲಿ ಎರಡು ಪುಟ ಬರೆಯಬೇಕಾದದ್ದನ್ನು ಎರಡು ಮಾತಲ್ಲಿ ಮುಗಿಸಿದಳು.

ಇನ್ನು ನಮ್ಮ ಕಡೆಗೆ ಬರೋಣ. 1972ರಲ್ಲಿ ಬೊಂಬಾಯಿಯಲ್ಲಿ ನಾಮದೇವ ಢಸಾಳ, ಜೆ.ವಿ. ಪವಾರ್ ಮೊದಲಾದ ತರುಣ ಕವಿಗಳು, ಲೇಖಕರು ಸೇರಿ ದಲಿತ ಪ್ಯಾಂಥರ್ಸ್ ಕಟ್ಟಿದಾಗ ಓಕ್ಲೆಂಡಿನ ಹೆಸರನ್ನು ತಮ್ಮದು ಮಾಡಿಕೊಂಡರು. ಓದು ಬಾರದ ಹತ್ತಿ ಕೂಲಿಗಳಿಗಾಗಿ ಬರೆದ ಒಂದು ಗುರುತು, ಆರೇ ವರ್ಷದಲ್ಲಿ ಸಮುದ್ರ ದಾಟಿ ನಮ್ಮ ಕೇರಿಗಳಿಗೆ ಬಂತು. ಆದರೆ ಅದಕ್ಕೂ ಮೊದಲೇ ನಮ್ಮಲ್ಲಿ ಇಂಥದ್ದೇ ಒಂದು ನಡೆದಿತ್ತು. 1951ರ ಜನಗಣತಿಯಂತೆ ದೇಶದಲ್ಲಿ ಓದು ಬಲ್ಲವರು ನೂರಕ್ಕೆ 18. ಆಗಲೇ ಬಂದ 1951–52ರ ಮೊದಲ ಮಹಾಚುನಾವಣೆಯಲ್ಲಿ ಪ್ರತಿ ಹುರಿಯಾಳಿಗೂ ಬೇರೆ ಬೇರೆ ಪೆಟ್ಟಿಗೆ, ಪೆಟ್ಟಿಗೆಯ ಮೇಲೆ ಗುರುತು. ಬಾಬಾಸಾಹೇಬರ ಪರಿಶಿಷ್ಟ ಜಾತಿಗಳ ಫೆಡರೇಷನ್ನಿನ ಗುರುತು ಆನೆ. ಆ ಚುನಾವಣೆಯಲ್ಲಿ ಸ್ವತಃ ಬಾಬಾಸಾಹೇಬರೇ ಸೋತರು. ಲೌಂಡ್ಸಿನಲ್ಲಿ ಚಿರತೆ ಸೋತ ಹಾಗೆ ಇಲ್ಲಿ ಆನೆಯೂ ಸೋತಿತು. ಆದರೆ ಎರಡೂ ಸಾಯಲಿಲ್ಲ. ಇವತ್ತಿಗೂ ಮತಯಂತ್ರದಲ್ಲಿ ಹೆಸರಿನ ಪಕ್ಕ ಗುರುತು ಇದ್ದೇ ಇದೆ.

ಇನ್ನೊಂದು ಚಿತ್ರ ನಮ್ಮ ಕೇರಿ ಕೇರಿಯಲ್ಲೂ ನಿಂತಿದೆ: ನೀಲಿ ಕೋಟು, ಕನ್ನಡಕ, ಒಂದು ಕೈಯಲ್ಲಿ ಪುಸ್ತಕ, ಇನ್ನೊಂದು ಕೈಯ ಬೆರಳು ಮುಂದಕ್ಕೆ. ಕೆಳಗಿನ ಹೆಸರು ಓದಲಾರದವರೂ ಅದು ಯಾರೆಂದು ಬಲ್ಲರು. ಅಕ್ಷರ ಕಾಣದ ಜನ ತಮಗಾಗಿ ಆರಿಸಿಕೊಂಡ ಚಿತ್ರದ ಕೈಯಲ್ಲಿ ಪುಸ್ತಕ ಇದೆ, ಗೆಳೆಯರೇ. ಕತ್ತಿಯಿಲ್ಲ, ಗದೆಯಿಲ್ಲ. ಓದು ಬಾರದವರಿಗೆ ಚಿತ್ರವೇ ಸಾಕು ಎನ್ನುವವರು ಇದನ್ನು ಕಣ್ಣುಬಿಟ್ಟು ನೋಡಲಿ. ಅನಕ್ಷರತೆಯನ್ನು ಯಾರೂ ಹೊಗಳುವುದು ಬೇಡ. ಅದು ನಮ್ಮ ಮೇಲೆ ಹೇರಿದ ಕತ್ತಲು. ಆ ಕತ್ತಲಲ್ಲೂ ನಮ್ಮ ಜನ ಕಣ್ಣು ಚುರುಕಾಗಿಟ್ಟುಕೊಂಡರು ಎಂಬುದಷ್ಟೇ ನಮ್ಮ ಮಾತು.

ಚಿತ್ರ ಎಂದ ಕೂಡಲೇ ಅದು ಬಡವರ ಪರ ಎಂದೂ ತಿಳಿಯಬಾರದು. ಬಿಳಿ ಹುಂಜವೂ ಚಿತ್ರವೇ ಅಲ್ಲವೇ? ಓದು ಬಾರದವರಿಗೆ ದ್ವೇಷ ಮುಟ್ಟಿಸುವುದಕ್ಕೂ ಅದೇ ದಾರಿ. ಇವತ್ತು ಮೊಬೈಲಿನಲ್ಲಿ ಅಂಥ ಹುಂಜಗಳು ದಿನಾ ಬೆಳಿಗ್ಗೆ ನಮ್ಮ ಹಟ್ಟಿಗಳಿಗೂ ಬಂದು ಕೂಗುತ್ತಿವೆ. ಇನ್ನೊಂದು ಕಡೆ, ಗೋಡೆಗೆ ಬಡಿದ ಡಗ್ಲಸ್‌ರ ಹಾಳೆಗಳು 2007ರಲ್ಲಿ ಲಾಸ್ ಏಂಜಲೀಸಿನ, 2009ರಲ್ಲಿ ನ್ಯೂಯಾರ್ಕಿನ ಮ್ಯೂಸಿಯಂ ಗೋಡೆಗಳನ್ನು ಸೇರಿದವು. ಗೌರವ ಸಿಕ್ಕಿತು, ಸಂತೋಷ. ಆದರೆ ಮ್ಯೂಸಿಯಮ್ಮಿನಲ್ಲಿ ಜನ ಚಿತ್ರ ನೋಡಿ ಮನೆಗೆ ಹೋಗುತ್ತಾರೆ. ಕೇರಿಯಲ್ಲಿ ನೋಡಿ ಒಟ್ಟುಗೂಡುತ್ತಿದ್ದರು.

70, 80ರ ದಶಕಗಳಲ್ಲಿ ದಲಿತ ಸಂಘರ್ಷ ಸಮಿತಿಯ ಜಾಥಾಗಳಲ್ಲಿ ತಮಟೆಯೂ ಹೋರಾಟದ ಹಾಡೂ ಕೇರಿಯಿಂದ ಕೇರಿಗೆ ನಡೆದವು. ಕವಿತೆ ಪುಸ್ತಕ ಬಿಟ್ಟು ಗಂಟಲಿಗೆ ಬಂದದ್ದರಿಂದ ಓದು ಬಾರದವರೂ ಅದನ್ನು ತಮ್ಮದು ಮಾಡಿಕೊಂಡರು. ಕಿವಿಯ ಸಾಲವನ್ನು ನಮ್ಮ ಹಿರಿಯರು ಅಷ್ಟಿಷ್ಟು ತೀರಿಸಿದರು. ಕಣ್ಣಿನ ಸಾಲ ಹಾಗೇ ಉಳಿದಿದೆ. ನಮ್ಮ ಸಣ್ಣ ಪತ್ರಿಕೆಗಳಲ್ಲಿ ಚಿತ್ರವೆಂದರೆ ಪದ್ಯ ಮುಗಿದು ಜಾಗ ಮಿಕ್ಕಿದಾಗ ತುಂಬುವ ಎರಡು ಎಲೆ, ಒಂದು ಹಕ್ಕಿ. ಅದು ಸಾಲದು. ಹಿಂದಿನ ಪುಟ ಖಾಲಿ ಬಿಡಿ, ಜಾಹೀರಾತಿಗೂ ಕೊಡಬೇಡಿ. ಬೋರ್ಡು ಬರೆಯುವ, ಗೋಡೆ ಬರೆಯುವ ಹುಡುಗರು ನಮ್ಮ ಕೇರಿಗಳಲ್ಲೇ ಇದ್ದಾರೆ, ಅವರನ್ನು ಕರೆಯಿರಿ. ಕಪ್ಪು ಮಸಿ, ಜೊತೆಗೆ ಇನ್ನೊಂದು ಬಣ್ಣ ಸಾಕು. ಬರೆದದ್ದನ್ನು ಮೊದಲು ವಿಮರ್ಶಕರಿಗೆ ತೋರಿಸಬೇಡಿ, ಕೂಲಿ ಮುಗಿಸಿ ಬಂದ ಹೆಂಗಸರಿಗೆ ತೋರಿಸಿ. ಅವರು ಪಾರಿವಾಳ ಬೇಡ ಅಂದರೆ ಪಾರಿವಾಳ ಹರಿದುಹಾಕಿ ಇನ್ನೊಂದು ಬರೆಯಿರಿ. ಅಕ್ಷರ ಕಲಿಸುವ ಕೆಲಸವೂ ಅದರ ಜೊತೆಗೇ ನಡೆಯಲಿ. ಒಂದು ದಿನ ಅವರೇ ಆ ಚಿತ್ರದ ಕೆಳಗಿನ ಸಾಲು ಓದಿ, ಅದು ಸರಿಯಿಲ್ಲ ಅಂತ ನಮ್ಮಂಥ ಕವಿಗಳನ್ನು ಬೈಯಬೇಕು.