ಅಂಕಿಗಳ ಕಂಠಾಭರಣ

ಜ್ಞಾನಭಾರತಿಯ ಮರಗಳ ನೆರಳಿನಲ್ಲಿ ಸಂಜೆ ತಿರುಗಾಡಲು ಬರುವವರಲ್ಲಿ ಆ ತಾತ-ಮೊಮ್ಮಗಳ ಜೋಡಿಯೂ ಒಂದು. ಬ್ಯಾಂಕಿನ ಲೆಕ್ಕಪತ್ರಗಳ ನಡುವೆ ಆಯುಷ್ಯದ ಬಹುಭಾಗವನ್ನು ಕಳೆದು ನಿವೃತ್ತರಾದ ತಾತನಿಗೆ ಅಂಕಿಗಳೆಂದರೆ ಹಳೆಯ ಸ್ನೇಹಿತರು. ಒಂಬತ್ತನೆಯ ತರಗತಿಯ ಮೊಮ್ಮಗಳಿಗೋ ಹುಟ್ಟು ಹಗೆಗಳು. ಅಂದು ಆಕೆಯ ಚೀಲದಲ್ಲಿ ಗಣಿತದ ಉತ್ತರಪತ್ರಿಕೆಯೊಂದು ನಾಲ್ಕು ಮಡಿಕೆಯಾಗಿ ಅಡಗಿತ್ತು. ನೂರಕ್ಕೆ ಇಪ್ಪತ್ತೆರಡು ಅಂಕ. ಅದರ ಮೇಲೆ ತಂದೆಯ ಸಹಿ ಬೀಳಬೇಕಾಗಿತ್ತು.

“ತಾತ, ನೀವೇ ಸಹಿ ಹಾಕಿಬಿಡಿ. ಅಪ್ಪನಿಗೆ ಹೇಳಬೇಡಿ.”

ತಾತ ಹೂಂ ಎನ್ನಲಿಲ್ಲ, ಉಹೂಂ ಎನ್ನಲಿಲ್ಲ. ಕಲ್ಲುಬೆಂಚಿನ ಮೇಲೆ ಕುಳಿತು, ಆಕೆಯ ಟಿಪ್ಪಣಿ ಪುಸ್ತಕದಲ್ಲಿ ಎರಡು ಸಂಖ್ಯೆಗಳನ್ನು ಬರೆದರು: 27994681 ಮತ್ತು 441.

“ಗುಣಿಸು, ನೋಡೋಣ.”

ಆಕೆ ಮುಖ ಸಿಂಡರಿಸಿಕೊಂಡೇ ಗುಣಿಸಿದಳು. ಎರಡು ಸಲ ತಪ್ಪಿತು. ಮೂರನೆಯ ಸಲ ಬಂದದ್ದು 12345654321! ಒಂದರಿಂದ ಆರರವರೆಗೆ ಮೆಟ್ಟಿಲೇರಿ, ಅದೇ ದಾರಿಯಲ್ಲಿ ಇಳಿದುಬಂದ ಸಂಖ್ಯೆ. ಎಡದಿಂದ ಓದಿದರೂ ಬಲದಿಂದ ಓದಿದರೂ ಅದೇ.

ಈ ಲೆಕ್ಕ ತಾತನ ಸೃಷ್ಟಿಯಲ್ಲ. ರಾಷ್ಟ್ರಕೂಟ ದೊರೆ ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಕ್ರಿ.ಶ. 850ರ ಸುಮಾರಿಗೆ, ಜೈನ ಗಣಿತಜ್ಞ ಮಹಾವೀರಾಚಾರ್ಯನು ಸಂಸ್ಕೃತದಲ್ಲಿ ರಚಿಸಿದ ‘ಗಣಿತಸಾರಸಂಗ್ರಹ’ದ್ದು. ಕನ್ನಡಕ್ಕೆ ‘ಕವಿರಾಜಮಾರ್ಗ’ವನ್ನು ಕೊಟ್ಟ ಆಸ್ಥಾನವೂ ಅದೇ. ಮಣಿಗಳನ್ನು ಪೋಣಿಸಿದಂತೆ ತೋರುವ ಇಂಥ ಗುಣಲಬ್ಧಗಳನ್ನು ಆಚಾರ್ಯನು ಕಂಠಾಭರಣಕ್ಕೆ ಹೋಲಿಸಿದ. 139ನ್ನು 109ರಿಂದ ಗುಣಿಸಿದರೆ 15151. 152207ನ್ನು 73ರಿಂದ ಗುಣಿಸಿದರೆ ಸಾಲಾಗಿ ಎಂಟು ಒಂದುಗಳು. 12345679ನ್ನು 9ರಿಂದ ಗುಣಿಸಿದರೆ ಒಂಬತ್ತು ಒಂದುಗಳು. ಎಲ್ಲವೂ ಅವನ ಭರಣಿಯ ಒಡವೆಗಳೇ.

“ಇದೇನು ಮಂತ್ರವೇ, ತಾತ?”

“ಮಂತ್ರವಲ್ಲ ಕಣಮ್ಮ. 441 ಎಂದರೆ 21ರ ವರ್ಗ. ಆ ದೊಡ್ಡ ಸಂಖ್ಯೆ 5291ರ ವರ್ಗ. ಈಗ 21ನ್ನೂ 5291ನ್ನೂ ಗುಣಿಸು.”

ಬಂದದ್ದು 111111. ಹಾಗಾದರೆ ಆ ಹಾರವು ಆರು ಒಂದುಗಳ ವರ್ಗ! ಒಂದುಗಳ ಸಾಲನ್ನು ಒಂದೊಂದು ಮನೆ ಸರಿಸಿ ಆರು ಬಾರಿ ಬರೆದು ಕೂಡಿದರೆ, ನಡುಮನೆಯಲ್ಲಿ ಆರು ಒಂದುಗಳು ಸೇರುತ್ತವೆ. ಎರಡೂ ಅಂಚಿನತ್ತ ಒಂದೊಂದೇ ಕಡಮೆಯಾಗುತ್ತವೆ.

ಇನ್ನು ತಾತ ಹೇಳಬೇಕಾಗಲಿಲ್ಲ. ಆಕೆಯೇ ಏಳು, ಎಂಟು, ಒಂಬತ್ತು ಒಂದುಗಳ ಹಾರ ಪೋಣಿಸಿದಳು. 12345678987654321 ಬಂದಾಗ ಕಣ್ಣು ಅರಳಿತು. ಹತ್ತು ಒಂದುಗಳಿಗೆ ಬಂದಾಗ ಮಾತ್ರ ಮುಖ ಬಾಡಿತು: 1234567900987654321.

“ಹಾರ ಹರಿದುಹೋಯಿತು ತಾತ!”

“ಹರಿಯಲಿಲ್ಲ, ಮಗು. ನಡುಮನೆಯಲ್ಲಿ ಹತ್ತು ಸೇರಿತು. ಒಂದು ಮನೆ ಹತ್ತನ್ನು ತಾನೊಂದೇ ಹೊರಲಾರದು. ಪಕ್ಕದ ಮನೆಗೆ ಒಂದನ್ನು ದಾಟಿಸಿತು. ಅಲ್ಲಿದ್ದ ಒಂಬತ್ತೂ ಹತ್ತಾಯಿತು, ಅದೂ ದಾಟಿಸಿತು. ಅದರಾಚೆಯ ಎಂಟು, ಒಂಬತ್ತಾಗಿ ಹೊತ್ತುಕೊಂಡಿತು. ಲೆಕ್ಕ ತಪ್ಪಲಿಲ್ಲವಲ್ಲ!”

ಆಕೆ ಬಹಳ ಹೊತ್ತು ಆ ಎರಡು ಸೊನ್ನೆಗಳನ್ನೇ ನೋಡುತ್ತಿದ್ದಳು. ಸಹಿಯ ಮಾತನ್ನು ಮತ್ತೆ ಎತ್ತಲಿಲ್ಲ.

ರಾತ್ರಿ ಊಟವಾದ ಮೇಲೆ ಉತ್ತರಪತ್ರಿಕೆಯ ಮಡಿಕೆಗಳನ್ನು ಬಿಡಿಸಿ ತಾನೇ ತಂದೆಯ ಮುಂದಿಟ್ಟಳು. ಅವರು ಅಂಕವನ್ನು ನೋಡಿದರು. ಮಗಳ ಮುಖವನ್ನು ನೋಡಿದರು. ಹುಬ್ಬು ಗಂಟಿಕ್ಕಿತು, ಮತ್ತೆ ಸಡಿಲವಾಯಿತು.

“ಎಲ್ಲೆಲ್ಲಿ ತಪ್ಪಿದೆ?”

“ಗೊತ್ತಿಲ್ಲ ಅಪ್ಪ. ಕೂತು ನೋಡೋಣವೇ?”

ಸಹಿ ಬಿದ್ದದ್ದು ಗಂಟೆ ಹತ್ತೂವರೆಯಾದ ಮೇಲೆ. ಅಷ್ಟು ಹೊತ್ತಿಗೆ ಏಳು ತಪ್ಪುಗಳು ತಿದ್ದಿಕೊಂಡಿದ್ದವು. ಪಕ್ಕದ ಕೋಣೆಯಲ್ಲಿ ತಾತ ದೀಪ ಆರಿಸಿ, ನಿದ್ದೆ ಬಂದವರಂತೆ ಮಲಗಿದ್ದರು.