ಒಡೆದ ಕಾಗದ

ನಾನು ಉಪಾಧ್ಯಾಯ ವೃತ್ತಿಗೆ ಸೇರಿದ ಹೊಸತು. 1984ನೆಯ ಇಸವಿ, ಕರಾವಳಿಯ ಒಂದು ಪ್ರೌಢಶಾಲೆ. ಅಂದು ಒಂಬತ್ತನೆಯ ತರಗತಿಗೆ ಪತ್ರಲೇಖನವನ್ನು ಹೇಳಿಕೊಡುತ್ತಿದ್ದೆ. ಒಕ್ಕಣೆ, ಕ್ಷೇಮಸಮಾಚಾರ, ಮುಕ್ತಾಯ ಇವನ್ನೆಲ್ಲ ಕರಿಹಲಗೆಯ ಮೇಲೆ ಬರೆದು ಮುಗಿಸುವಷ್ಟರಲ್ಲಿ ಜವಾನನು ಒಂದು ಇನ್‌ಲ್ಯಾಂಡ್ ಕಾಗದವನ್ನು ತಂದು ಮೇಜಿನ ಮೇಲಿಟ್ಟನು. ಎರಡನೆಯ ಸಾಲಿನಲ್ಲಿ ಕುಳಿತಿದ್ದ ಒಬ್ಬ ಹುಡುಗನಿಗೆ ಅವನ ತಂದೆ ಬೊಂಬಾಯಿಯಿಂದ ಬರೆದದ್ದು. ಪಾಠಕ್ಕೆ ತಕ್ಕ ಉದಾಹರಣೆ ತಾನಾಗಿಯೇ ಒದಗಿತೆಂಬ ಉತ್ಸಾಹದಲ್ಲಿ ನಾನು ಅದನ್ನು ಒಡೆದು ಗಟ್ಟಿಯಾಗಿ ಓದತೊಡಗಿದೆ.

ಆಶೀರ್ವಾದದವರೆಗೆ ಎಲ್ಲವೂ ಕರಿಹಲಗೆಯ ಮೇಲೆ ಇದ್ದಂತೆಯೇ ಇತ್ತು. ಅನಂತರ, ತಾನು ಕೆಲಸಕ್ಕಿದ್ದ ಹೋಟೆಲು ಮುಚ್ಚಿ ಎರಡು ತಿಂಗಳಾಯಿತೆಂದೂ, ಅಂಗಡಿಯ ಸಾಲದವರಿಗೆ ಏನಾದರೂ ನೆಪ ಹೇಳಬೇಕೆಂದೂ, ಮನೆಯ ವಿಳಾಸಕ್ಕೆ ಬರೆದರೆ ಅಜ್ಜಿ ನೆರೆಯವರಿಂದ ಓದಿಸಿ ಕೊರಗುವಳೆಂದು ಶಾಲೆಯ ವಿಳಾಸಕ್ಕೆ ಬರೆದಿರುವುದಾಗಿಯೂ ಇತ್ತು. ನಾನು ನಿಲ್ಲಿಸುವುದರೊಳಗೆ ಅಷ್ಟೂ ಆಗಿಹೋಗಿತ್ತು. ಯಾರೂ ನಗಲಿಲ್ಲ. ನಕ್ಕಿದ್ದರೆ ಗದರಿಸುವ ನೆಪವಾದರೂ ನನಗೆ ಸಿಗುತ್ತಿತ್ತು. ಹುಡುಗನು ಎದ್ದು ಬಂದು, ಕಾಗದವನ್ನು ಎರಡು ಕೈಗಳಿಂದಲೂ ತೆಗೆದುಕೊಂಡು, ಮೊದಲಿನ ಮಡಿಕೆಗಳಲ್ಲಿಯೇ ಮಡಿಸಿ, ತನ್ನ ಸ್ಥಳದಲ್ಲಿ ಹೋಗಿ ಕುಳಿತನು. ಮುಂದೆ ಮೂರು ದಿನ ಅವನು ಶಾಲೆಗೆ ಬರಲಿಲ್ಲ.

ಹಿರಿಯ ಸಹೋದ್ಯೋಗಿಯೊಬ್ಬರು ನನ್ನನ್ನು ಸಂತೈಸಿದರು: "ಕಾಗದವನ್ನು ಅವನಿಗೇ ಕೊಟ್ಟಿರಲ್ಲ ಮಾರಾಯರೆ! ಅದರಲ್ಲಿ ಒಂದಕ್ಷರವಾದರೂ ಕಡಿಮೆಯಾಯಿತೆ? ನೀವು ತೆಗೆದುಕೊಂಡದ್ದಾದರೂ ಏನು?" ಅವರ ಮಾತಿಗೆ ನನ್ನಲ್ಲಿ ಉತ್ತರವಿರಲಿಲ್ಲ. ನಾನು ಏನನ್ನೂ ತೆಗೆದುಕೊಂಡಿರಲಿಲ್ಲ, ನಿಜ. ಆದರೂ ಬೆಳಿಗ್ಗೆ ಆ ಹುಡುಗನ ಬಳಿ ಇದ್ದದ್ದೇನೋ ಸಂಜೆಗೆ ಇರಲಿಲ್ಲ.

ಅದೇನೆಂಬುದು ತಿಳಿಯಲು ಮೂವತ್ತಮೂರು ವರ್ಷ ಬೇಕಾಯಿತು. ಕರ್ನಾಟಕ ಉಚ್ಚ ನ್ಯಾಯಾಲಯದ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರು ಎಂಬತ್ತಾರರ ಇಳಿವಯಸ್ಸಿನಲ್ಲಿ, 2012ರಲ್ಲಿ, ಆಧಾರ್ ಯೋಜನೆಯನ್ನು ಪ್ರಶ್ನಿಸಿ ಸರ್ವೋಚ್ಚ ನ್ಯಾಯಾಲಯದ ಮೆಟ್ಟಿಲೇರಿದ್ದರು. ಆ ಮೊಕದ್ದಮೆಯಲ್ಲಿ 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳ ಪೀಠವು ಖಾಸಗಿತನವು ಮೂಲಭೂತ ಹಕ್ಕೆಂದು ಒಮ್ಮತದಿಂದ ಸಾರಿತು. ತೀರ್ಪಿನಲ್ಲಿ, ಬಾಸ್ಟನ್ ನಗರದ ಇಬ್ಬರು ವಕೀಲರು 1890ರಲ್ಲಿ ಬರೆದ ಪ್ರಬಂಧವೊಂದರ ಪ್ರಸ್ತಾಪವಿತ್ತು. ಕುತೂಹಲದಿಂದ ಅದನ್ನು ಹುಡುಕಿ ಓದಿದೆ. ಆ ಇಬ್ಬರಲ್ಲಿ ಒಬ್ಬನ ಹೆಸರು ಲೂಯಿ ಬ್ರಾಂಡೈಸ್. ಇನ್ನೊಬ್ಬನು ಅವನ ಸಹಪಾಠಿ ಸ್ಯಾಮ್ಯುಯೆಲ್ ವಾರೆನ್.

ಬ್ರಾಂಡೈಸ್ 1856ರಲ್ಲಿ ಅಮೆರಿಕದ ಕೆಂಟಕಿ ಸಂಸ್ಥಾನದಲ್ಲಿ ಹುಟ್ಟಿದ ಯೆಹೂದಿ. ಹಾರ್ವರ್ಡಿನಲ್ಲಿ ಕಾನೂನು ಓದುವಾಗ ಕಣ್ಣು ಕೈಕೊಟ್ಟಿತು. ಸ್ನೇಹಿತರು ಪಠ್ಯವನ್ನು ಓದಿ ಹೇಳುತ್ತಿದ್ದರು, ಇವನು ಕೇಳಿ ನೆನಪಿನಲ್ಲಿಡುತ್ತಿದ್ದನು. ಹಾಗೆ ಓದಿಯೂ ಇಪ್ಪತ್ತರ ಹರೆಯದಲ್ಲಿ ಪದವಿಯನ್ನು ಗಳಿಸಿದನು. 1879ರಲ್ಲಿ ವಾರೆನ್ನನೊಡನೆ ವಕೀಲಿ ಆರಂಭಿಸಿ ಹಣ ಸಂಪಾದಿಸಿದನು. ಹಣವಾದ ಮೇಲೆ ಜನರ ಪರವಾದ ಮೊಕದ್ದಮೆಗಳಲ್ಲಿ ಶುಲ್ಕವಿಲ್ಲದೆ ವಾದಿಸಿ 'ಜನರ ವಕೀಲ'ನೆನಿಸಿಕೊಂಡನು.

1890ರ ಆ ಪ್ರಬಂಧಕ್ಕೆ ಹಿನ್ನೆಲೆಯಾದದ್ದು ಆ ಕಾಲದ ವೃತ್ತಪತ್ರಿಕೆಗಳ ಹರಟೆ ಮತ್ತು ಹೊಸ ಛಾಯಾಚಿತ್ರಯಂತ್ರ. ಕೈಯಲ್ಲಿ ಹಿಡಿದು ಓಡಾಡಬಹುದಾದ ಕೊಡಾಕ್ ಕ್ಯಾಮೆರಾ ಬಂದು ಆಗ ಎರಡೇ ವರ್ಷವಾಗಿತ್ತು. ಮನುಷ್ಯನನ್ನು ಅವನ ಪಾಡಿಗೆ ಬಿಡಬೇಕೆಂಬ ಹಕ್ಕು ಕಾನೂನಿನಲ್ಲಿ ಎಲ್ಲಿದೆ? ಇದನ್ನು ಹುಡುಕಲು ಇಬ್ಬರೂ ಹೋದದ್ದು, ಆಶ್ಚರ್ಯವೆಂಬಂತೆ, ಗ್ರಂಥಸ್ವಾಮ್ಯದ ಹಳೆಯ ತೀರ್ಪುಗಳಿಗೆ. ಆಂಗ್ಲ ಕವಿ ಅಲೆಗ್ಸಾಂಡರ್ ಪೋಪನ ಕಾಗದಗಳನ್ನು ಪುಸ್ತಕವ್ಯಾಪಾರಿಯೊಬ್ಬನು ಅಚ್ಚುಹಾಕಿದಾಗ, 1741ರಲ್ಲಿ, ಇಂಗ್ಲೆಂಡಿನ ನ್ಯಾಯಾಲಯವು ಒಂದು ಸೂಕ್ಷ್ಮವನ್ನು ಹೇಳಿತ್ತು: ಕಾಗದದ ಹಾಳೆ ಅದನ್ನು ಪಡೆದವನದು, ಅದರೊಳಗಿನ ಮಾತನ್ನು ಪ್ರಕಟಿಸುವ ಅಧಿಕಾರ ಬರೆದವನದು. ಬ್ರಾಂಡೈಸ್ ಮತ್ತು ವಾರೆನ್ ಇದನ್ನೇ ಹಿಡಿದು ಮುಂದೆ ಸಾಗಿದರು. ಸಾಹಿತ್ಯದ ಬೆಲೆಯೇನೂ ಇಲ್ಲದ ಸಾಮಾನ್ಯ ಕಾಗದಕ್ಕೂ ನ್ಯಾಯಾಲಯಗಳು ಈ ರಕ್ಷಣೆ ಕೊಡುತ್ತಿದ್ದುವಲ್ಲ! ಹಾಗಾದರೆ ಅಲ್ಲಿ ಕಾಯಲ್ಪಡುತ್ತಿರುವುದು ಆಸ್ತಿಯಲ್ಲ, ಬರೆದವನ ವ್ಯಕ್ತಿತ್ವ ಎಂಬುದು ಅವರ ವಾದ. ಇಲ್ಲಿಗೆ ಬಂದಾಗ ನಾನು ಪುಸ್ತಕವನ್ನು ಮುಚ್ಚಿ ಸ್ವಲ್ಪ ಹೊತ್ತು ಸುಮ್ಮನೆ ಕುಳಿತೆ. ಅಂದು ನಾನು ಓದಿದ ಹಾಳೆ ಹುಡುಗನದು. ಮಾತು, ಬೊಂಬಾಯಿಯಲ್ಲಿ ಕೆಲಸ ಕಳೆದುಕೊಂಡು ಕುಳಿತಿದ್ದ ಅವನ ತಂದೆಯದು. ನಾನು ಇಬ್ಬರನ್ನೂ ಕೇಳಿರಲಿಲ್ಲ.

1916ರಲ್ಲಿ ಬ್ರಾಂಡೈಸ್ ಅಮೆರಿಕದ ಸರ್ವೋಚ್ಚ ನ್ಯಾಯಾಲಯದ ನ್ಯಾಯಮೂರ್ತಿಯಾದನು. ಅಲ್ಲಿ ಅವನು ಬರೆದ ಎರಡು ಭಿನ್ನಮತದ ತೀರ್ಪುಗಳು ಮೇಲುನೋಟಕ್ಕೆ ಒಂದಕ್ಕೊಂದು ವಿರುದ್ಧವಾಗಿ ಕಾಣುತ್ತವೆ. ಮೊದಲನೆಯದು 1918ರದು. ಅಸೋಸಿಯೇಟೆಡ್ ಪ್ರೆಸ್ ಎಂಬ ವಾರ್ತಾಸಂಸ್ಥೆಯ ಸುದ್ದಿಗಳನ್ನು, ಅವು ಫಲಕಗಳಲ್ಲಿಯೂ ಮುಂಜಾನೆಯ ಪತ್ರಿಕೆಗಳಲ್ಲಿಯೂ ಪ್ರಕಟವಾದ ಕೂಡಲೆ ಎತ್ತಿಕೊಂಡು ಇನ್ನೊಂದು ಸಂಸ್ಥೆಯು ತಂತಿಯ ಮೂಲಕ ಮಾರುತ್ತಿತ್ತು. ಬಹುಮತವು ಅದನ್ನು ತಡೆಯಿತು. ಶ್ರಮಪಟ್ಟು ಸಂಗ್ರಹಿಸಿದ ಮಾತ್ರಕ್ಕೆ ಸುದ್ದಿಯು ಸ್ವತ್ತಾಗದು, ತಾನಾಗಿ ಲೋಕದ ಮುಂದಿಟ್ಟ ತಿಳಿವಳಿಕೆಯು ಎಲ್ಲರದು ಎಂದು ಬ್ರಾಂಡೈಸ್ ಬರೆದನು.

ಎರಡನೆಯದು 1928ರದು. ಸಿಯಾಟಲ್ ನಗರದಲ್ಲಿ ಓಲ್ಮ್‌ಸ್ಟೆಡ್ ಎಂಬ ಮಾಜಿ ಪೋಲೀಸು ಅಧಿಕಾರಿಯು ಪಾನನಿಷೇಧವಿದ್ದ ಕಾಲದಲ್ಲಿ ಮದ್ಯದ ಕಳ್ಳವ್ಯಾಪಾರ ನಡೆಸುತ್ತಿದ್ದನು. ಸರ್ಕಾರದವರು ದೂರವಾಣಿಯ ತಂತಿಗಳಿಗೆ ಹೊರಗಿನಿಂದಲೇ ತಂತಿ ಜೋಡಿಸಿ, ಸುಮಾರು ಐದು ತಿಂಗಳು ಮಾತುಗಳನ್ನು ಕದ್ದು ಕೇಳಿದರು; ಬೆರಳಚ್ಚಿನ ಟಿಪ್ಪಣಿಗಳೇ 775 ಪುಟಗಳಾದುವು. ಯಾರ ಮನೆಯನ್ನೂ ಹೊಗಲಿಲ್ಲ, ಯಾವ ವಸ್ತುವನ್ನೂ ಒಯ್ಯಲಿಲ್ಲ. ಆದುದರಿಂದ ತಪ್ಪಿಲ್ಲ ಎಂದರು ಐವರು ನ್ಯಾಯಮೂರ್ತಿಗಳು. ನನ್ನ ಸಹೋದ್ಯೋಗಿಯ ಸಮಾಧಾನವೂ ಇದೇ ಅಲ್ಲವೆ? ಒಪ್ಪದ ನಾಲ್ವರಲ್ಲಿ ಬ್ರಾಂಡೈಸ್ ಒಬ್ಬನು. ಮೊಹರುಮಾಡಿದ ಕಾಗದಕ್ಕೆ ಇರುವ ರಕ್ಷಣೆ ದೂರವಾಣಿಯ ಮಾತಿಗೂ ಬೇಕು ಎಂದನು. ಪೆಟ್ಟಿಗೆಯನ್ನು ಮುಟ್ಟದೆಯೇ ಅದರೊಳಗಿನ ಪತ್ರಗಳನ್ನು ನ್ಯಾಯಾಲಯದಲ್ಲಿ ತೋರಿಸುವ ವಿದ್ಯೆ ಮುಂದೊಂದು ದಿನ ಬಂದೀತೆಂದು ಎಚ್ಚರಿಸಿದನು. ಅವನು 1941ರಲ್ಲಿ ತೀರಿಕೊಂಡನು. ಅದೇ ನ್ಯಾಯಾಲಯವು ಬಹುಮತದ ಆ ನಿಲುವನ್ನು ಕೈಬಿಟ್ಟದ್ದು 1967ರಲ್ಲಿ.

ನನಗಂತೂ ಈ ಎರಡು ತೀರ್ಪುಗಳಲ್ಲಿ ವಿರೋಧವಿಲ್ಲ. ಅಂಚೆಯ ಕಾರ್ಡನ್ನು ದಾರಿಯಲ್ಲಿ ನಾಲ್ಕು ಜನ ಓದುವರೆಂದು ಬರೆಯುವವನಿಗೆ ಗೊತ್ತು. ಇನ್‌ಲ್ಯಾಂಡನ್ನು ಕೊಳ್ಳುವವನು ಹೆಚ್ಚು ಹಣ ತೆರುವುದೇ ಮಡಿಸಿ ಅಂಟಿಸುವುದಕ್ಕಾಗಿ. ತೆರೆದಿಡುವುದೂ ಮುಚ್ಚಿಡುವುದೂ ಅವನ ಆಯ್ಕೆ.

ಆ ವರ್ಷ ದೀಪಾವಳಿಗೆ ಹುಡುಗನ ತಂದೆ ಊರಿಗೆ ಬಂದಿದ್ದರು. ಶಾಲೆಯ ಜಗಲಿಯಲ್ಲಿ ನನ್ನನ್ನು ಕಂಡು ಕೈಮುಗಿದು, "ಮೇಷ್ಟ್ರೆ, ಶಾಲೆಯ ವಿಳಾಸಕ್ಕೆ ಕಾಗದ ಬರೆಯುತ್ತೇನೆ, ನಿಮಗೆ ತೊಂದರೆಯಿಲ್ಲವಷ್ಟೆ?" ಎಂದು ಕೇಳಿದರು. ನಡೆದುದನ್ನು ಹುಡುಗನು ಅವರಿಗೆ ಹೇಳಿರಲೇ ಇಲ್ಲ. ನಾನು ಅವನ ಕಡೆ ನೋಡಿದೆ. ಅವನು ಅಂಗಳದ ಗಾಳಿಮರವನ್ನು ನೋಡುತ್ತಾ ನಿಂತಿದ್ದನು. "ಬರೆಯಿರಿ," ಎಂದೆ, ಅದಕ್ಕಿಂತ ಹೆಚ್ಚಿಗೆ ಹೇಳಲು ಅಂದು ನನಗೆ ಧೈರ್ಯ ಸಾಲಲಿಲ್ಲ.