ಸರ್ಟಿಫಿಕೇಟು ಮತ್ತು ಸಾಕ್ಷಿ

ಮೂವತ್ತು ವರ್ಷಗಳಿಂದ ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಡುತ್ತಿರುವ ನನಗೆ ಸರ್ಟಿಫಿಕೇಟುಗಳ ಬಗ್ಗೆ ಗೌರವವೂ ಇದೆ, ಸ್ವಲ್ಪ ಅನುಮಾನವೂ ಇದೆ. ಶಾಲೆ ಬಿಟ್ಟು ಹೋಗುವ ಪ್ರತಿಯೊಬ್ಬರ ವರ್ಗಾವಣೆ ಪತ್ರದಲ್ಲೂ ‘ನಡತೆ: ತೃಪ್ತಿಕರ’ ಎಂದು ಬರೆಯುತ್ತೇವೆ. ಪಾಠದ ನಡುವೆ ಕಿಟಕಿಯಿಂದ ಹಾರಿ ಹೋದವನಿಗೂ ಅದೇ, ಮೂರು ವರ್ಷ ತಲೆಯೆತ್ತಿ ಮಾತಾಡದವಳಿಗೂ ಅದೇ. ಆ ಪತ್ರ ಸುಳ್ಳೇನೂ ಅಲ್ಲ. ಆದರೆ ಅದೊಂದನ್ನೇ ಓದಿ ಹುಡುಗ ಎಂಥವನೆಂದು ತಿಳಿದುಕೊಂಡೆ ಎಂದು ಯಾರಾದರೂ ಹೇಳಿದರೆ ನಮ್ಮ ಸ್ಟಾಫ್ ರೂಮಿನಲ್ಲಿ ಎಲ್ಲರಿಗೂ ನಗು ಬರುತ್ತದೆ.

ಈ ‘ತೃಪ್ತಿಕರ’ ಎಂಬ ಮಾತು ಈಚೆಗೆ ನನಗೆ ಮತ್ತೆ ಮತ್ತೆ ನೆನಪಾದದ್ದು ಕಾರು ಮಾರುವ ಮಳಿಗೆಗಳಲ್ಲಿ. ಅಲ್ಲಿ ‘ಹಳೆಯ ಕಾರು’ ಎಂದು ಯಾರೂ ಅನ್ನುವುದಿಲ್ಲ, ‘ಸರ್ಟಿಫೈಡ್ ಪ್ರೀ-ಓನ್ಡ್’ ಎನ್ನುತ್ತಾರೆ. ಪದ್ಧತಿಯೇನೂ ಹೊಸದಲ್ಲ. ಮಾರುತಿ ಕಂಪನಿ 2001ರಲ್ಲೇ ‘ಟ್ರೂ ವ್ಯಾಲ್ಯೂ’ ಎಂಬ ಹೆಸರಿನಲ್ಲಿ ಹಳೆಯ ಕಾರುಗಳನ್ನು ತಪಾಸಣೆ ಮಾಡಿ ಮಾರತೊಡಗಿತು. ಟೊಯೊಟಾದವರದು ‘ಯು ಟ್ರಸ್ಟ್’. ಮರ್ಸಿಡಿಸ್, ಬಿಎಂಡಬ್ಲ್ಯು, ಆಡಿಯಂಥ ದುಬಾರಿ ಕಂಪನಿಗಳೂ ಇದೇ ಬಗೆಯ ವ್ಯವಸ್ಥೆ ಮಾಡಿಕೊಂಡಿವೆ.

ಮೇಷ್ಟರಿಗೂ ದುಬಾರಿ ಕಾರಿಗೂ ಎಲ್ಲಿಯ ಸಂಬಂಧ ಎಂದು ನೀವು ಕೇಳಬಹುದು. ಸಂಬಂಧ ನನ್ನ ಹೆಂಡತಿಯ ತಮ್ಮನಿಂದ ಬಂದದ್ದು. ಅವನಿಗೆ ಮೂಡಿಗೆರೆಯ ಕಡೆ ಕಾಫಿ ತೋಟ. 2024ರಲ್ಲಿ ಕಾಫಿಗೆ ಹಿಂದೆಂದೂ ಕಾಣದ ಬೆಲೆ ಬಂತು. ಇಪ್ಪತ್ತು ವರ್ಷ ಹಳೆಯ ಜೀಪಿನಲ್ಲೇ ಓಡಾಡಿದವನಿಗೆ ಒಂದು ದೊಡ್ಡ ಐಷಾರಾಮಿ ಎಸ್‌ಯುವಿ ಕೊಳ್ಳಬೇಕೆಂದು ಆಸೆಯಾಯಿತು. ಹೊಸದಕ್ಕೆ ಹಣ ಸಾಲದು, ಹಾಗಾಗಿ ಸರ್ಟಿಫೈಡ್. ಆದರೆ ಅವನ ಮಗಳು ದ್ವಿತೀಯ ಪಿಯುಸಿ ಓದುತ್ತಿದ್ದಾಳೆ. ಮುಂದೆ ಎಂಜಿನಿಯರಿಂಗೋ ಮೆಡಿಕಲ್ಲೋ, ಎಲ್ಲಿ ಸೀಟು ಸಿಗುತ್ತದೋ, ಎಷ್ಟು ಫೀಸು ಆಗುತ್ತದೋ. ಒಂದೇ ಫಸಲಿನ ಹಣಕ್ಕೆ ಅಪ್ಪನ ಕಾರು ಮತ್ತು ಮಗಳ ಓದು ಎರಡೂ ಕಾದು ಕೂತಿದ್ದವು.

“ಭಾವ, ಕಂಪನಿಯವರೇ ಸರ್ಟಿಫಿಕೇಟು ಕೊಡುತ್ತಾರೆ. ಇನ್ನು ನೋಡುವುದೇನಿದೆ? ಸುಮ್ಮನೆ ಜೊತೆಗೆ ಬನ್ನಿ,” ಎಂದ. ಅವನ ಮಗಳು ಮಾತ್ರ ಒಂದು ನೋಟ್‌ಬುಕ್ ಹಿಡಿದುಕೊಂಡು ಹೊರಟಳು. ಹೋಗುವ ಮುನ್ನ ಆ ಪುಸ್ತಕದಲ್ಲಿ ನಾನು ಒಂದು ಚಿತ್ರ ಬರೆದುಕೊಟ್ಟೆ.

ಎಂಜಿನಿಯರುಗಳು ಇದನ್ನು ‘ಸ್ನಾನದ ತೊಟ್ಟಿಯ ರೇಖೆ’ ಎನ್ನುತ್ತಾರೆ. ಯಾವುದೇ ಯಂತ್ರದ ಕೆಡುವಿಕೆಯನ್ನು ಕಾಲದ ಎದುರು ಗುರುತಿಸುತ್ತ ಹೋದರೆ ರೇಖೆ ಮೊದಲು ಎತ್ತರದಿಂದ ಇಳಿಯುತ್ತದೆ, ಬಹಳ ದೂರ ಸಮತಟ್ಟಾಗಿ ಸಾಗುತ್ತದೆ, ಕೊನೆಗೆ ಮತ್ತೆ ಏರುತ್ತದೆ. ಮೊದಲ ಇಳಿಜಾರು ತಯಾರಿಕೆಯ ದೋಷಗಳದ್ದು, ಕೊನೆಯ ಏರು ಸವೆತದ್ದು. ಮೂರರಿಂದ ಆರು ವರ್ಷದ ಒಳ್ಳೆಯ ವಾಹನ ತೊಟ್ಟಿಯ ತಳದಲ್ಲಿರುತ್ತದೆ. ಹಳೆಯದನ್ನು ಕೊಳ್ಳುವುದರಲ್ಲಿ ಇರುವ ಜಾಣತನವೆಲ್ಲ ಇಷ್ಟೇ: ಮೊದಲ ಇಳಿಜಾರಿನ ಕಷ್ಟವನ್ನೂ ಬೆಲೆಯ ದೊಡ್ಡ ಕುಸಿತವನ್ನೂ ಮೊದಲ ಮಾಲೀಕ ಅನುಭವಿಸಿರುತ್ತಾನೆ. ಆದರೆ ಕೊನೆಯ ಏರು ಎಲ್ಲಿ ಆರಂಭವಾಗುತ್ತದೆ ಎಂಬುದು ವಾಹನವನ್ನು ಹೇಗೆ ನೋಡಿಕೊಂಡರು ಎಂಬುದರ ಮೇಲೆ ನಿಂತಿದೆ. ಅದನ್ನು ಕಂಡುಹಿಡಿಯುವುದೇ ನಮ್ಮ ಕೆಲಸವಾಗಿತ್ತು.

ಇನ್ನೊಂದು ಲೆಕ್ಕವನ್ನು ಅವಳೇ ದಾರಿಯಲ್ಲಿ ಮಾಡಿದಳು. ಒಂದು ಭಾಗ ವರ್ಷವಿಡೀ ಕೆಡದೆ ಉಳಿಯುವ ಸಂಭವ 99.9% ಎಂದಿಟ್ಟುಕೊಳ್ಳಿ. ಅಂಥ 100 ಭಾಗಗಳಿದ್ದು, ಒಂದರ ಕೆಡುವಿಕೆಗೂ ಇನ್ನೊಂದಕ್ಕೂ ಸಂಬಂಧ ಇಲ್ಲದಿದ್ದರೆ, ಎಲ್ಲವೂ ನೆಟ್ಟಗಿರುವ ಸಂಭವ ಸುಮಾರು 90%. ಭಾಗಗಳು 1000 ಆದರೆ ಅದು 37%ಕ್ಕೆ ಇಳಿಯುತ್ತದೆ. ತಾನಾಗಿ ಮುಚ್ಚುವ ಡಿಕ್ಕಿ, ತಂಪಾಗುವ ಸೀಟು, ತೆರೆದುಕೊಳ್ಳುವ ಮಾಳಿಗೆ ಎಲ್ಲವೂ ಸುಖವೇ. ಆದರೆ ಪ್ರತಿಯೊಂದು ಸುಖದ ಹಿಂದೆ ಒಂದು ಮೋಟಾರು, ಒಂದು ಸೆನ್ಸರು, ನಾಲ್ಕು ವೈರು ಇರುತ್ತವೆ. ಬೆಲೆ ಹೆಚ್ಚಿದಂತೆ ಬಾಳಿಕೆ ಹೆಚ್ಚುತ್ತದೆ ಎಂಬ ನಮ್ಮ ಎಣಿಕೆ ಇಲ್ಲಿ ಸುಳ್ಳಾಗುತ್ತದೆ.

ಇದಕ್ಕೆ ಅಂಕಿಯ ಆಧಾರವೂ ಇದೆ. ಅಮೆರಿಕದ ಜೆ.ಡಿ. ಪವರ್ ಸಂಸ್ಥೆ ಮೂರು ವರ್ಷ ಹಳೆಯ ವಾಹನಗಳ ಮಾಲೀಕರನ್ನು ವಿಚಾರಿಸಿ, 100 ವಾಹನಗಳಿಗೆ ಎಷ್ಟು ತೊಂದರೆಗಳು ಎಂದು ಪ್ರತಿ ವರ್ಷ ಪ್ರಕಟಿಸುತ್ತದೆ. 2024ರ ವರದಿಯಲ್ಲಿ ದುಬಾರಿ ಬ್ರಾಂಡುಗಳ ಸರಾಸರಿ ತೊಂದರೆ ಸಾಮಾನ್ಯ ಬ್ರಾಂಡುಗಳಿಗಿಂತ ಹೆಚ್ಚಾಗಿತ್ತು. 2025ರಲ್ಲಿ ಒಟ್ಟಾರೆ ಸರಾಸರಿ 202. ಮೊದಲ ಸ್ಥಾನ ಪಡೆದ ಲೆಕ್ಸಸ್‌ನದು 140. ಮೊದಲ ರ‍್ಯಾಂಕಿನ ವಾಹನಕ್ಕೂ ತಲೆಗೆ ಒಂದಕ್ಕಿಂತ ಹೆಚ್ಚು ತೊಂದರೆ! ಇದು ಅಮೆರಿಕದ ರಸ್ತೆಗಳ ಲೆಕ್ಕ, ಅದೂ ಸರಾಸರಿ. ತರಗತಿಯ ಸರಾಸರಿ ಅಂಕದಿಂದ ಮೂರನೆಯ ಬೆಂಚಿನ ಹುಡುಗನ ಅಂಕ ತಿಳಿಯುವುದಿಲ್ಲ. ಯಾವ ಕಂಪನಿ ಎಂಬುದನ್ನು ಇಂಥ ವರದಿ ನೋಡಿ ಆರಿಸಬಹುದು, ಯಾವ ವಾಹನ ಎಂಬುದನ್ನು ಮಾತ್ರ ಅದರ ಮುಂದೆ ನಿಂತೇ ಆರಿಸಬೇಕು.

ಬೆಂಗಳೂರಿನಲ್ಲಿ ನಾವು ಬೇರೆ ಬೇರೆ ಮಳಿಗೆಗಳಲ್ಲಿ ಎರಡು ವಾಹನ ನೋಡಿದೆವು. ಮೊದಲನೆಯದು ಬಿಳಿ ಬಣ್ಣದ್ದು. ಡೀಸೆಲ್, ನಾಲ್ಕು ವರ್ಷ, ಮೀಟರಿನಲ್ಲಿ 38,000 ಕಿಲೋಮೀಟರು. ಮದುವೆ ಮನೆಯ ಹಸುವಿನಂತೆ ತೊಳೆದು ನಿಲ್ಲಿಸಿದ್ದರು. ಸೇಲ್ಸಿನ ಯುವಕ ತಪಾಸಣೆಯ ಪಟ್ಟಿ ಮುಂದಿಟ್ಟ. ನೂರಕ್ಕೂ ಹೆಚ್ಚು ಅಂಶಗಳು, ಪ್ರತಿಯೊಂದರ ಮುಂದೂ ಹಸಿರು ಗುರುತು. ಹುಡುಗಿ ಅದನ್ನು ಮೇಲಿನಿಂದ ಕೆಳಗೆ ಓದಿ ಕೇಳಿದಳು: “ಸರ್, ಇದರಲ್ಲಿ ಅಳೆದು ಬರೆದದ್ದು ಎಷ್ಟು, ಕಣ್ಣಲ್ಲಿ ನೋಡಿ ಬರೆದದ್ದು ಎಷ್ಟು?”

ಯುವಕ ಸ್ವಲ್ಪ ತಡವರಿಸಿದ. ಪ್ರಶ್ನೆ ಸರಿಯಾಗಿತ್ತು. ಬ್ರೇಕ್ ಪ್ಯಾಡಿನ ಮುಂದೆ ‘ಸರಿ ಇದೆ’ ಎಂದು ಬರೆದರೆ ಏನೂ ತಿಳಿಯುವುದಿಲ್ಲ. ಹೊಸ ಪ್ಯಾಡು ಹತ್ತು ಹನ್ನೆರಡು ಮಿಲಿಮೀಟರ್ ದಪ್ಪ ಇರುತ್ತದೆ. ಮೂರಕ್ಕೆ ಬಂದರೆ ಬದಲಿಸುವ ಕಾಲ. ನಾಲ್ಕು ಇದ್ದರೂ ಆ ದಿನಕ್ಕೆ ‘ಸರಿ ಇದೆ’ ಎನ್ನಬಹುದಲ್ಲ? ಬ್ರೇಕ್ ದ್ರವವೂ ಹಾಗೆಯೇ. ಅದು ಗಾಳಿಯಲ್ಲಿನ ತೇವವನ್ನು ಹೀರಿಕೊಳ್ಳುವ ವಸ್ತು. ‘ಡಾಟ್ 4’ ದರ್ಜೆಯ ಹೊಸ ದ್ರವ ಕುದಿಯಬೇಕಾದರೆ ಕನಿಷ್ಠ 230 ಡಿಗ್ರಿ ಸೆಲ್ಸಿಯಸ್ ಬೇಕು, 3.7% ನೀರು ಸೇರಿದ ಮೇಲೆ ಆ ಕನಿಷ್ಠ ಮಿತಿ 155ಕ್ಕೆ ಇಳಿಯುತ್ತದೆ. ನೋಡುವುದಕ್ಕೆ ಬಣ್ಣ ಚೆನ್ನಾಗಿಯೇ ಇರಬಹುದು. ಚಾರ್ಮಾಡಿ ಘಾಟಿಯ ಇಳಿಜಾರಿನಲ್ಲಿ ಬ್ರೇಕು ಕಾದು ದ್ರವ ಕುದಿದರೆ ಪೆಡಲು ಮೆತ್ತಗಾಗಿ ಕೆಳಗಿಳಿಯುತ್ತದೆ. ಕೊನೆಯ ಬಾರಿ ಅದನ್ನು ಬದಲಿಸಿದ್ದು ಯಾವಾಗ ಎಂದು ಬಿಲ್ಲು ಹೇಳಬೇಕು.

ಟೈರಿನ ಪಕ್ಕದಲ್ಲಿ ಒತ್ತಿರುವ ಸಂಖ್ಯೆಯ ಕೊನೆಯ ನಾಲ್ಕು ಅಂಕಿಗಳು ಅದರ ಜಾತಕ. 4223 ಎಂದಿದ್ದರೆ 2023ರ 42ನೆಯ ವಾರ ತಯಾರಾದದ್ದು. ಬಿಳಿ ವಾಹನದ ನಾಲ್ಕೂ ಟೈರುಗಳ ಮೇಲೆ ಇದ್ದದ್ದು ಅದೇ. 2021ರ ವಾಹನಕ್ಕೆ ಇದು ಎರಡನೆಯ ಜೊತೆ ಎಂದಾಯಿತು. ಅದೂ ಸವೆದು, ಕನಿಷ್ಠ ಇರಬೇಕಾದ 1.6 ಮಿಲಿಮೀಟರಿನ ಸೂಚಕ ಗೆರೆಯ ಹತ್ತಿರಕ್ಕೆ ಬಂದಿತ್ತು. 38,000 ಕಿಲೋಮೀಟರಿಗೆ ಎರಡು ಜೊತೆ ಟೈರು! ಸ್ಟೀರಿಂಗಿನ ಚರ್ಮವೂ ನುಣುಪಾಗಿ ಹೊಳೆಯುತ್ತಿತ್ತು.

“ಮೀಟರ್ ತಿರುಗಿಸಿದ್ದಾರೆ ಬಿಡು,” ಎಂದ ನನ್ನ ಭಾವಮೈದುನ, ಮೆಲ್ಲಗೆ.

“ಇಲ್ಲಪ್ಪ, ಅದು ಅನುಮಾನ ಅಷ್ಟೇ. ಚಕ್ರದ ಅಲೈನ್‌ಮೆಂಟ್ ಸರಿ ಇಲ್ಲದಿದ್ದರೂ ಬೇಗ ಸವೆಯುತ್ತದೆ. ಬೇರೆ ಅಳತೆ ಬೇಕು. ಅಲ್ವಾ ಮಾವ?” ಎಂದಳು ಮಗಳು. ನಾನು ಪಾಠ ಹೇಳಿದವಳಲ್ಲ, ಆದರೂ ಆ ಹೊತ್ತಿಗೆ ಹೆಮ್ಮೆಯೆನಿಸಿತು.

ಬೇರೆ ಅಳತೆ ಸಾಧ್ಯವಿತ್ತು. ಓಡಿದ ದೂರವನ್ನು ಮೀಟರ್ ಒಂದೇ ನೆನಪಿಟ್ಟುಕೊಳ್ಳುವುದಿಲ್ಲ, ಇಂಥ ಅನೇಕ ವಾಹನಗಳಲ್ಲಿ ಬೇರೆ ಕಂಪ್ಯೂಟರ್ ಘಟಕಗಳಲ್ಲೂ ಅದು ದಾಖಲಾಗಿರುತ್ತದೆ. ಸ್ಟೀರಿಂಗಿನ ಕೆಳಗಿನ ‘ಓಬಿಡಿ’ ಸಾಕೆಟ್ಟಿಗೆ ತಕ್ಕ ಉಪಕರಣ ಜೋಡಿಸಿದರೆ ಓದಬಹುದು. ಅದೇ ಸಾಕೆಟ್ಟಿನಿಂದ ಎಂಜಿನ್ನಿನ ದೋಷ ಸಂಕೇತಗಳನ್ನು ಈಚೆಗೆ ಅಳಿಸಿದ್ದಾರೆಯೇ ಎಂಬ ಸುಳಿವೂ ಸಿಗುತ್ತದೆ. ಅಳಿಸಿದ ಮೇಲೆ ವಾಹನ ತನ್ನ ಸ್ವಯಂಪರೀಕ್ಷೆಗಳನ್ನು ಮುಗಿಸಲು ಸ್ವಲ್ಪ ದೂರ ಓಡಬೇಕು, ಅಲ್ಲಿಯವರೆಗೆ ‘ಅಪೂರ್ಣ’ ಎಂದೇ ತೋರಿಸುತ್ತದೆ. ನಾವು ಈ ಪರೀಕ್ಷೆ ಮಾಡಿಸಿಕೊಡಿ ಎಂದು ಕೇಳಿದೆವು. ಮ್ಯಾನೇಜರು ಬರಲಿ ಎಂದರು. ಬಂದ ಮ್ಯಾನೇಜರು “ಸರ್ಟಿಫಿಕೇಟೇ ಇದೆಯಲ್ಲ ಸರ್” ಎಂದರು. ಸರ್ವಿಸ್ ಬಿಲ್ಲುಗಳು ಮೊದಲ ಎರಡು ವರ್ಷದವು ಮಾತ್ರ ಇದ್ದವು. ಅವರು ಮೋಸ ಮಾಡಿದರೆಂದು ನಾನು ಹೇಳಲಾರೆ, ಅದಕ್ಕೆ ನನ್ನಲ್ಲಿ ಸಾಕ್ಷಿ ಇಲ್ಲ. ಆದರೆ ಕೊಳ್ಳುವವನು ಅಪರಾಧ ಸಾಬೀತು ಮಾಡಬೇಕಾಗಿಲ್ಲ. ಮೂವತ್ತು ಲಕ್ಷ ಕೇಳುವವರು ಅರ್ಧ ಗಂಟೆಯ ಪರೀಕ್ಷೆಗೆ ಒಪ್ಪದಿದ್ದರೆ ನಮಸ್ಕಾರ ಹೇಳಿ ಎದ್ದು ಬರುವ ಹಕ್ಕು ಅವನಿಗಿದೆ. ನಾವು ಎದ್ದು ಬಂದೆವು.

ಬಿಳಿಯದನ್ನು ಬಿಡಲು ಇನ್ನೆರಡು ಕಾರಣಗಳೂ ಇದ್ದವು. ಇಂದಿನ ಡೀಸೆಲ್ ಎಂಜಿನ್ನುಗಳಲ್ಲಿ, ಮುಖ್ಯವಾಗಿ 2020ರ ಏಪ್ರಿಲ್ 1ರಂದು ಜಾರಿಯಾದ ಬಿಎಸ್-6 ನಿಯಮದ ನಂತರ, ಹೊಗೆಯ ಮಸಿಯನ್ನು ಹಿಡಿಯುವ ‘ಡಿಪಿಎಫ್’ ಎಂಬ ಫಿಲ್ಟರ್ ಇರುತ್ತದೆ. ತುಂಬಿದ ಮಸಿ ಉರಿದುಹೋಗಲು ಅಲ್ಲಿ ಸುಮಾರು 600 ಡಿಗ್ರಿ ಶಾಖ ಬೇಕು, ಅಂದರೆ ವಾಹನ ಆಗಾಗ ಹೆದ್ದಾರಿಯಲ್ಲಿ ಒಂದೇ ಸಮನೆ ಓಡಬೇಕು. ತೋಟದಿಂದ ಪೇಟೆಗೆ ಎಂಟು ಕಿಲೋಮೀಟರು ಹೋಗಿ ಬರುವವನ ಎಂಜಿನ್ನು ಬಿಸಿಯಾಗುವಷ್ಟರಲ್ಲಿ ಮನೆ ಬಂದಿರುತ್ತದೆ. ಮಸಿ ಕಟ್ಟಿಕೊಳ್ಳುತ್ತದೆ. ಎರಡನೆಯದು, ಅದಕ್ಕಿದ್ದ ಏರ್ ಸಸ್ಪೆನ್ಷನ್. ಅದರ ರಬ್ಬರಿನ ಚೀಲಗಳು ವಯಸ್ಸಾದಂತೆ ಬಿರುಕು ಬಿಡುತ್ತವೆ, ಸೋರಿಕೆಯಾದರೆ ಕಂಪ್ರೆಸರ್ ದುಡಿದೂ ದುಡಿದೂ ಸೋಲುತ್ತದೆ. ಪರೀಕ್ಷೆ ಸುಲಭ: ರಾತ್ರಿ ಸಮತಟ್ಟು ನೆಲದಲ್ಲಿ ನಿಲ್ಲಿಸಿ, ಬೆಳಿಗ್ಗೆ ಯಾವ ಮೂಲೆ ಕುಸಿದಿದೆ ಎಂದು ನೋಡಬೇಕು.

ಎರಡನೆಯ ವಾಹನ ಕಪ್ಪು. ಪೆಟ್ರೋಲ್, ಆರು ವರ್ಷ, 81,000 ಕಿಲೋಮೀಟರು, ಸಾಧಾರಣ ಉಕ್ಕಿನ ಸ್ಪ್ರಿಂಗು. ಬಾಗಿಲಿನಲ್ಲಿ ಒಂದು ಗೀರು. ಮಾಲೀಕರು ಪ್ರತಿ ಸರ್ವಿಸಿನ ಬಿಲ್ಲನ್ನೂ ಒಂದು ಫೈಲಿನಲ್ಲಿ ಪೋಣಿಸಿಟ್ಟಿದ್ದರು. ಬಿಲ್ಲಿನಿಂದ ಬಿಲ್ಲಿಗೆ ಕಿಲೋಮೀಟರು ಮೆಟ್ಟಿಲು ಮೆಟ್ಟಿಲಾಗಿ ಏರಿತ್ತು. ಬ್ರೇಕ್ ದ್ರವ ಎರಡು ಬಾರಿ, ಗೇರ್‌ಬಾಕ್ಸಿನ ಆಯಿಲು ಒಮ್ಮೆ, ಬ್ಯಾಟರಿ ಒಮ್ಮೆ ಬದಲಾಗಿತ್ತು. ಇಲ್ಲಿ ಓಬಿಡಿ ಪರೀಕ್ಷೆಗೆ ಯಾರೂ ಬೇಡವೆನ್ನಲಿಲ್ಲ.

ನೀರಿನಲ್ಲಿ ಮುಳುಗಿತ್ತೇ ಎಂದೂ ನೋಡಿದೆವು. 2022ರ ಸೆಪ್ಟೆಂಬರಿನಲ್ಲಿ ಬೆಂಗಳೂರಿನ ಹೊರ ವರ್ತುಲ ರಸ್ತೆಯ ಸುತ್ತಮುತ್ತ ಜನ ಟ್ರ್ಯಾಕ್ಟರ್ ಏರಿ ಹೊರಬಂದದ್ದು, ದುಬಾರಿ ಕಾರುಗಳು ಮನೆಯಂಗಳದಲ್ಲೇ ಮುಳುಗಿದ್ದು ನಿಮಗೆ ನೆನಪಿರಬಹುದು. ಸೀಟ್ ಬೆಲ್ಟನ್ನು ಪೂರ್ತಿ ಹೊರಗೆಳೆದರೆ ಕೊನೆಯ ಒಂದಡಿಯಲ್ಲಿ ಕೆಸರಿನ ಕಲೆ ಸಿಕ್ಕಿಬೀಳುತ್ತದೆ. ಹೊರಗೆ ಕಾಣುವ ಭಾಗವನ್ನು ತೊಳೆಯುವವರು ಅಲ್ಲಿಯವರೆಗೆ ಹೋಗುವುದಿಲ್ಲ. ಸ್ಟೆಪ್ನಿಯ ಗುಂಡಿಯನ್ನೂ ನೋಡಬೇಕು.

ಆಮೇಲೆ ಕಾಗದ. ವಾಹನದ ಮೇಲಿನ 17 ಅಕ್ಷರ-ಅಂಕಿಗಳ ಚಾಸಿಸ್ ಸಂಖ್ಯೆ ಆರ್‌ಸಿಗೆ ತಾಳೆಯಾಗಬೇಕು. ವರ್ಗಾವಣೆಗೆ ನಮೂನೆ 29 ಮತ್ತು 30, ಹಿಂದಿನವರ ಸಾಲ ತೀರಿದ್ದರೆ ನಮೂನೆ 35, ಹೊರರಾಜ್ಯದ್ದಾದರೆ ನಿರಾಕ್ಷೇಪಣೆಯ ನಮೂನೆ 28. ದೆಹಲಿಯಲ್ಲಿ 10 ವರ್ಷ ದಾಟಿದ ಡೀಸೆಲ್ ವಾಹನಗಳ ಮೇಲೆ ಹಸಿರು ನ್ಯಾಯಮಂಡಳಿ 2015ರಲ್ಲಿ ಹೇರಿದ ನಿರ್ಬಂಧವನ್ನು ಸುಪ್ರೀಂ ಕೋರ್ಟು 2018ರಲ್ಲಿ ಎತ್ತಿಹಿಡಿಯಿತು. ನಂತರ ಆದೇಶಗಳು ಬದಲಾಗುತ್ತ ಬಂದಿವೆ. ಆ ಕಡೆಯಿಂದ ಅಗ್ಗಕ್ಕೆ ಬರುವ ವಾಹನಕ್ಕೆ ಇಲ್ಲಿಯ ತೆರಿಗೆಯನ್ನೂ ಕೂಡಿಸಿಯೇ ಬೆಲೆ ಅಳೆಯಬೇಕು. ವಾರಂಟಿ ಪತ್ರದಲ್ಲಿ ಏನಿದೆ ಎನ್ನುವುದಕ್ಕಿಂತ ಏನಿಲ್ಲ ಎಂಬುದನ್ನು ಮೊದಲು ಓದಿ. ಟೈರು, ಬ್ರೇಕ್ ಪ್ಯಾಡು, ರಬ್ಬರ್ ಬುಷ್ಷುಗಳಂಥ ಸವೆಯುವ ಭಾಗಗಳು ಸಾಮಾನ್ಯವಾಗಿ ಅದರ ಹೊರಗೆ.

ಕೊನೆಯ ಲೆಕ್ಕವನ್ನು ಹೋಟೆಲಿನಲ್ಲಿ ಕಾಫಿ ಕುಡಿಯುತ್ತ ಮಾಡಿದೆವು. ಹೊಸದಾಗಿದ್ದಾಗ ಎಪ್ಪತ್ತು ಲಕ್ಷದ ವಾಹನ ಮೂವತ್ತಕ್ಕೆ ಸಿಕ್ಕಿತು ಎಂದರೆ ಬೆಲೆ ಇಳಿದದ್ದು ವಾಹನಕ್ಕೆ. ಅದರ ಬಿಡಿಭಾಗಗಳು ಇನ್ನೂ ಎಪ್ಪತ್ತು ಲಕ್ಷದ ವಾಹನದವೇ. ಆನೆಯನ್ನು ಅಗ್ಗಕ್ಕೆ ಕೊಂಡರೂ ಅದು ತಿನ್ನುವುದು ಆನೆಯಷ್ಟೇ. ಮೂಡಿಗೆರೆಯಿಂದ ಅಧಿಕೃತ ಸರ್ವಿಸಿಗೆ ಮಂಗಳೂರಿಗೋ ಬೆಂಗಳೂರಿಗೋ ಹೋಗಬೇಕು ಎಂಬುದೂ ಖರ್ಚೇ.

ಭಾವಮೈದುನ ಬಹಳ ಹೊತ್ತು ಸುಮ್ಮನಿದ್ದ. ಬಿಳಿಯದರ ಮೇಲೆ ಅವನ ಮನಸ್ಸು ಹೋಗಿತ್ತು ಎಂದು ನನಗೆ ಗೊತ್ತಿತ್ತು. ಕೊನೆಗೆ ಮಗಳ ನೋಟ್‌ಬುಕ್ ತೆಗೆದುಕೊಂಡು ತಾನೇ ಬರೆದ: ಮೊದಲು ನಾಲ್ಕು ವರ್ಷದ ಫೀಸಿಗೆ ಬ್ಯಾಂಕಿನಲ್ಲಿ ಠೇವಣಿ, ಆಮೇಲೆ ರಿಪೇರಿಗೆಂದು ಮೂರು ಲಕ್ಷ ಬೇರೆ, ಉಳಿದದ್ದರಲ್ಲಿ ಕಾರು. ಉಳಿದದ್ದಕ್ಕೆ ಕಪ್ಪು ವಾಹನ ಸರಿಹೊಂದಿತು, ಬಿಳಿಯದು ಹೊಂದುತ್ತಿರಲಿಲ್ಲ. ಮರುದಿನ ಮಳಿಗೆಗೆ ಸಂಬಂಧವಿಲ್ಲದ ಒಬ್ಬ ಮೆಕ್ಯಾನಿಕ್ಕಿಗೆ ದುಡ್ಡು ಕೊಟ್ಟು ತೋರಿಸಿ, ಅವರು ಹೇಳಿದ ಮುಂದಿನ ಚಕ್ರದ ಎರಡು ಬುಷ್ಷುಗಳನ್ನು ಮಾರುವವರಿಂದಲೇ ಹಾಕಿಸಿಕೊಂಡು ಕೊಂಡ.

ಮಕ್ಕಳ ಕಾಲೇಜು ಆರಿಸುವಾಗಲೂ ಈ ಪ್ರಶ್ನೆಯನ್ನೇ ಕೇಳಿ ನೋಡಿ ಎಂದು ಪೋಷಕರಿಗೆ ಹೇಳುತ್ತಿರುತ್ತೇನೆ: ಇದರಲ್ಲಿ ಅಳೆದು ಬರೆದದ್ದು ಎಷ್ಟು? ಗೋಡೆಯ ಮೇಲಿನ ಮಾನ್ಯತೆಯ ಪತ್ರ ಇರಲಿ, ಪ್ರಯೋಗಾಲಯದ ಬಾಗಿಲು ತೆಗೆಸಿ ಒಳಗೆ ಹೋಗಿ. ತೆಗೆಯಲು ಹಿಂದೆಮುಂದೆ ನೋಡಿದರೆ ಅದೂ ಒಂದು ಉತ್ತರ.

ಕಪ್ಪು ವಾಹನದ ಫೈಲು ಈಗ ಮೂಡಿಗೆರೆಯ ಮನೆಯ ಬೀರುವಿನಲ್ಲಿದೆ. ಅದಕ್ಕೆ ಹೊಸದಾಗಿ ಸೇರಿದ ಮೊದಲ ಹಾಳೆಯಲ್ಲಿ ನಾಲ್ಕು ಚಕ್ರಗಳ ಬ್ರೇಕ್ ಪ್ಯಾಡಿನ ದಪ್ಪ ಮಿಲಿಮೀಟರಿನಲ್ಲಿ ಬರೆದಿದೆ, ತಾರೀಖಿನ ಸಮೇತ. ಅಕ್ಷರ ಹುಡುಗಿಯದು; ಕೆಳಗಿನ ರುಜು ಅವಳ ಅಪ್ಪನದು.